ಪಹಣಿ ಪೆಟ್ಟಿಗೆಯ ಒಳಗೆ: ಹಳೆಯ ಸರ್ವರಿಗೆ ಕಾರ್ಡು ಹೊಂದಿಸುವ ಬಗೆ

ಹಳೆಯ ಸರ್ವರ್ ಕಂಪ್ಯೂಟರಿನ ಮುಚ್ಚಳ ತೆಗೆದರೆ ಮದರ್‌ಬೋರ್ಡಿನ ಹಿಂಬದಿಯಲ್ಲಿ ಉದ್ದನೆಯ ಸ್ಲಾಟುಗಳ ಸಾಲೊಂದು ಕಾಣುತ್ತದೆ. ಅವುಗಳಲ್ಲಿ ನೆಟ್ಟಗೆ ನಿಂತ ಹಸಿರು ಹಲಗೆಗಳೇ ಎಕ್ಸ್‌ಪ್ಯಾನ್ಶನ್ ಕಾರ್ಡುಗಳು. ರಿಪೇರಿಯವರ ಬಾಯಲ್ಲಿ ಬರೀ ‘ಕಾರ್ಡು’. ಈಗಿನ ಯಂತ್ರಗಳಲ್ಲಿ ನೆಟ್‌ವರ್ಕು, ಡಿಸ್ಕು, ಪರದೆ ಎಲ್ಲದರ ಜೋಡಣೆಯೂ ಮದರ್‌ಬೋರ್ಡಿನಲ್ಲೇ ಅಡಕವಾಗಿರುತ್ತದೆ. 1980 ಮತ್ತು 90ರ ದಶಕಗಳಲ್ಲಿ ಹಾಗಿರಲಿಲ್ಲ. ಲ್ಯಾನಿಗೆ ಒಂದು ಕಾರ್ಡು, ಡಿಸ್ಕುಗಳಿಗೆ ಒಂದು, ಟರ್ಮಿನಲ್ಲುಗಳಿಗೆ ಒಂದು, ಮೋಡೆಮ್ಮಿಗೆ ಮತ್ತೊಂದು ಬೇಕಿತ್ತು. ಕಾರ್ಡನ್ನು ಸ್ಲಾಟಿಗೆ ಒತ್ತಿ ಸ್ಕ್ರೂ ಬಿಗಿಯುವುದು ಐದು ನಿಮಿಷದ ಕೆಲಸ. ಅದು ಯಂತ್ರದ ಉಳಿದ ಭಾಗಗಳ ಜೊತೆ ಜಗಳವಾಡದಂತೆ ಹೊಂದಿಸುವುದಕ್ಕೆ ಕೆಲವೊಮ್ಮೆ ಇಡೀ ದಿನ ಹಿಡಿಯುತ್ತಿತ್ತು.

ನಂಜನಗೂಡು, ತಿ. ನರಸೀಪುರದಂಥ ತಾಲ್ಲೂಕು ಕೇಂದ್ರಗಳಲ್ಲಿ ‘ಸರ್ವರ್’ ಎಂಬ ಮಾತು ಹೊಲ ಗದ್ದೆ ಇದ್ದವರ ಬಾಯಿಗೆಲ್ಲ ಬಂದದ್ದು ‘ಭೂಮಿ’ ಯೋಜನೆಯಿಂದ. ಕರ್ನಾಟಕದ ಕಂದಾಯ ಇಲಾಖೆ, ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರದ (ಎನ್‌ಐಸಿ) ಜೊತೆಗೂಡಿ, 2000ದ ಆಸುಪಾಸಿನಲ್ಲಿ ರಾಜ್ಯದ ಎಲ್ಲ ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. 67 ಲಕ್ಷ ಹಿಡುವಳಿದಾರರ ಲೆಕ್ಕ ಅದು. ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು; 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೌಂಟರಿನಲ್ಲೇ ಸಿಗತೊಡಗಿತು. ಮೊದಲ ವರ್ಷಗಳಲ್ಲಿ ಪ್ರತಿ ತಾಲ್ಲೂಕಿನ ದಾಖಲೆಯೂ ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲೇ ಇರುತ್ತಿತ್ತು. ಹುಲ್ಲಹಳ್ಳಿ, ಬಿಳಿಗೆರೆ, ದೊಡ್ಡಕವಲಂದೆ ಕಡೆಯವರು ನಂಜನಗೂಡಿಗೆ ಬರುತ್ತಿದ್ದರು; ಬನ್ನೂರು, ಮೂಗೂರು, ಸೋಸಲೆ, ತಲಕಾಡಿನವರು ತಿ. ನರಸೀಪುರಕ್ಕೆ. ಆ ಒಂದು ಪೆಟ್ಟಿಗೆ ಕೈಕೊಟ್ಟರೆ ಸರದಿಯಲ್ಲಿ ನಿಂತವರೆಲ್ಲ ಊರಿನ ಬಸ್ಸು ಹತ್ತಬೇಕಾಗುತ್ತಿತ್ತು. 2002ರ ಹೊತ್ತಿಗೆ ‘ಖಜಾನೆ’ ಯೋಜನೆ ಬಂದು ತಾಲ್ಲೂಕುಗಳ ಉಪಖಜಾನೆಗಳನ್ನೂ ವಿ-ಸ್ಯಾಟ್ ಎಂಬ ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರಿಗೆ ಜೋಡಿಸಿತು.

ಇವೆಲ್ಲಕ್ಕಿಂತ ಮೊದಲೇ ಬ್ಯಾಂಕುಗಳು ಈ ದಾರಿ ತುಳಿದಿದ್ದವು. ಸಿ. ರಂಗರಾಜನ್ ನೇತೃತ್ವದ ಸಮಿತಿಗಳು 1984ರಲ್ಲೂ 1989ರಲ್ಲೂ ಬ್ಯಾಂಕುಗಳ ಗಣಕೀಕರಣಕ್ಕೆ ಶಿಫಾರಸು ಮಾಡಿದ ಮೇಲೆ ಶಾಖೆಗಳಿಗೆ ಯಂತ್ರಗಳು ಬರತೊಡಗಿದವು. ಹೀಗೆ ಈ ಭಾಗದಲ್ಲಿ ಎರಡು ತಲೆಮಾರಿನ ಸರ್ವರುಗಳು ದುಡಿದಿವೆ: ಜಂಪರ್ ಕಿತ್ತು ಹಾಕಿ ಹೊಂದಿಸಬೇಕಿದ್ದವು, ಮತ್ತು ತಾವಾಗಿಯೇ ಹೊಂದಿಕೊಳ್ಳುತ್ತವೆ ಎಂದು ಹೇಳಿಕೊಂಡವು. ಎರಡನೆಯ ಬಗೆಯವೂ ಹೇಳಿಕೊಂಡಷ್ಟು ಸಾಧುವಾಗಿರಲಿಲ್ಲ.

ಕಾರ್ಡೊಂದಕ್ಕೆ ಯಂತ್ರದಿಂದ ನಾಲ್ಕು ಸಂಗತಿಗಳು ಬೇಕಾಗಬಹುದು. ಮೊದಲನೆಯದು ಐ/ಒ ವಿಳಾಸ. ಪ್ರೊಸೆಸರ್ ಕಾರ್ಡಿಗೆ ಮಾತು ಕಳಿಸುವುದು, ಅದರಿಂದ ಉತ್ತರ ಪಡೆಯುವುದು ಈ ಸಂಖ್ಯೆಯ ಮೂಲಕ. ಇದನ್ನು ಜಮೀನಿನ ಸರ್ವೆ ನಂಬರಿಗೆ ಹೋಲಿಸಬಹುದು: ಒಂದು ನಂಬರು ಒಬ್ಬರದೇ, ಪಕ್ಕದವರ ಗಡಿ ದಾಟಿದರೆ ತಕರಾರು ಖಂಡಿತ. ಈ ವಿಳಾಸಗಳನ್ನು ಹದಿನಾರರ ಪದ್ಧತಿಯಲ್ಲಿ ಬರೆಯುತ್ತಾರೆ. ಮೊದಲ ಸೀರಿಯಲ್ ಪೋರ್ಟಿಗೆ 3ಎಫ್8, ಎರಡನೆಯದಕ್ಕೆ 2ಎಫ್8, ಪ್ರಿಂಟರಿಗೆ 378 ಎಂದು ಹಿಂದಿನಿಂದಲೂ ಗೊತ್ತು ಮಾಡಿಟ್ಟಿದೆ. ಅಗ್ಗದ ಲ್ಯಾನ್ ಕಾರ್ಡುಗಳಿಗೆಲ್ಲ ಮಾದರಿಯಾದ ಎನ್‌ಇ2000 ಕಾರ್ಡು 300ರಲ್ಲಿ ಕೂರುತ್ತಿತ್ತು.

ಎರಡನೆಯದು ಇಂಟರಪ್ಟ್ ಗೆರೆ, ಅಂದರೆ ಐಆರ್‌ಕ್ಯೂ. ಕಾರ್ಡಿಗೆ ತಂತಿಯಿಂದ ಮಾಹಿತಿ ಬಂದಾಗ ಅದು ಪ್ರೊಸೆಸರನ್ನು ಎಚ್ಚರಿಸಬೇಕು. ಅದಕ್ಕಾಗಿ ಮದರ್‌ಬೋರ್ಡಿನಲ್ಲಿ 0ಯಿಂದ 15ರವರೆಗೆ ಹದಿನಾರು ಗೆರೆಗಳಿವೆ. ಹದಿನಾರು ಎಂಬುದು ಕೇಳಲು ಧಾರಾಳ, ಎಣಿಸುತ್ತ ಹೋದರೆ ಕೈಗೆ ಬರುವುದು ಪುಡಿಗಾಸು. 0 ಗಡಿಯಾರದ ಮಿಡಿತಕ್ಕೆ, 1 ಕೀಲಿಮಣೆಗೆ, 2 ಎರಡನೆಯ ಎಂಟು ಗೆರೆಗಳನ್ನು ಮೊದಲ ಎಂಟಕ್ಕೆ ಸೇರಿಸುವುದಕ್ಕೆ ಹೋಗುತ್ತವೆ. 3 ಮತ್ತು 4 ಸೀರಿಯಲ್ ಪೋರ್ಟುಗಳವು, 6 ಫ್ಲಾಪಿಯದು, 7 ಪ್ರಿಂಟರಿನದು. ದಿನಾಂಕ ಕಾಯುವ ಗಡಿಯಾರ 8ನ್ನು ಹಿಡಿದಿದೆ. 12 ಮೌಸಿಗೆ, 13 ಗಣಿತದ ಚಿಪ್ಪಿಗೆ, 14 ಮತ್ತು 15 ಐಡಿಇ ಡಿಸ್ಕುಗಳಿಗೆ. ಕೊನೆಗೆ ಹೊಸ ಕಾರ್ಡುಗಳಿಗೆ ಉಳಿಯುವುದು 5, 9, 10, 11 ಮಾತ್ರ. ಸೀರಿಯಲ್ ಪೋರ್ಟು ಒಂದನ್ನು ಬಯಾಸಿನಲ್ಲಿ (ಯಂತ್ರ ಹಚ್ಚಿದ ಕೂಡಲೇ ಮೊದಲು ಓಡುವ, ಚಿಪ್ಪಿನಲ್ಲೇ ಕೂತ ಪ್ರೋಗ್ರಾಮು) ಮುಚ್ಚಿಟ್ಟರೆ ಇನ್ನೊಂದು ಸಿಗುತ್ತದೆ; ತಿಳಿದವರು ಮೊದಲು ಮಾಡುತ್ತಿದ್ದದ್ದೂ ಅದನ್ನೇ.

ಮೂರನೆಯದು ಡಿಎಂಎ ಚಾನೆಲ್: ಪ್ರೊಸೆಸರಿನ ಕೈ ಹಾಯದೆ ಮಾಹಿತಿಯನ್ನು ನೇರವಾಗಿ ಮೆಮೊರಿಗೆ ಸಾಗಿಸುವ ದಾರಿ. ಫ್ಲಾಪಿ 2ನೆಯ ಚಾನೆಲನ್ನು ಹಿಡಿದಿರುತ್ತದೆ. ಉಳಿದವಕ್ಕೆ ಸರ್ವರಿನಲ್ಲಿ ಪೈಪೋಟಿ ಕಡಿಮೆ. ನಾಲ್ಕನೆಯದು ಮೆಮೊರಿಯಲ್ಲೊಂದು ಜಾಗ. ತನ್ನದೇ ಬಯಾಸ್ ಚಿಪ್ಪು ಹೊತ್ತು ಬರುವ ಡಿಸ್ಕ್ ಕಾರ್ಡಿನಂಥವು 640 ಕಿಲೋಬೈಟಿನಿಂದ 1 ಮೆಗಾಬೈಟಿನ ನಡುವಿನ ಪ್ರದೇಶದಲ್ಲಿ ಜಾಗ ಕೇಳುತ್ತವೆ. ಪರದೆಯ ಕಾರ್ಡು, ಮದರ್‌ಬೋರ್ಡಿನ ಬಯಾಸ್ ಎರಡೂ ತಮ್ಮ ಪಾಲು ತೆಗೆದುಕೊಂಡ ಮೇಲೆ ಸಿ8000ದಿಂದ ಮೇಲಕ್ಕೆ ಒಂದಿಷ್ಟು ಉಳಿಯುತ್ತದೆ. ಅಲ್ಲಿಯೇ ಎಲ್ಲರೂ ಒತ್ತರಿಸಿಕೊಂಡು ಕೂರಬೇಕು.

ಐಬಿಎಂ ಕಂಪನಿಯ 1981ರ ಪಿಸಿಯಲ್ಲಿ 8 ಬಿಟ್ಟಿನದಾಗಿ ಹುಟ್ಟಿ, 1984ರ ಎಟಿ ಯಂತ್ರದಲ್ಲಿ 16 ಬಿಟ್ಟಿಗೆ ಬೆಳೆದ ಸ್ಲಾಟಿಗೆ ಮುಂದೆ ಐಸಾ ಎಂಬ ಹೆಸರು ನಿಂತಿತು. ಐಸಾ ಕಾರ್ಡುಗಳು ಯಾರನ್ನೂ ಕೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ. ಕಾರ್ಡಿನ ಮೇಲೆ ಜೋಡಿ ಜೋಡಿಯಾಗಿ ಎದ್ದು ನಿಂತ ಸಣ್ಣ ಪಿನ್ನುಗಳಿರುತ್ತವೆ; ಅವುಗಳ ಪಕ್ಕ ಬಿಳಿ ಅಕ್ಷರದಲ್ಲಿ ಜೆಪಿ1, ಜೆಪಿ2 ಎಂದೋ ನೇರವಾಗಿ 300, 320, 340 ಎಂದೋ ಅಚ್ಚಾಗಿರುತ್ತದೆ. ಕಡಲೆಕಾಳಿಗಿಂತ ಸಣ್ಣದಾದ ಪ್ಲಾಸ್ಟಿಕ್ ಟೋಪಿ, ಅಂದರೆ ಜಂಪರ್, ಯಾವ ಜೋಡಿಯ ಮೇಲೆ ಕೂತಿದೆಯೋ ಆ ವಿಳಾಸ ಜಾರಿಯಾಗುತ್ತದೆ. ಜಂಪರ್ ಬೆರಳಿಗೆ ಸಿಗದೆ ಕೇಸಿನೊಳಗೆ ಬಿತ್ತೆಂದರೆ ಯಂತ್ರವನ್ನೇ ಬೋರಲು ಹಾಕಿ ಅಲ್ಲಾಡಿಸಬೇಕು. ಹುಡುಕದೆ ಕರೆಂಟು ಕೊಟ್ಟರೆ ಅದು ಎಲ್ಲಿ ಶಾರ್ಟ್ ಮಾಡುತ್ತದೋ ಹೇಳಲಾಗದು. ಕೆಲವು ಕಾರ್ಡುಗಳಲ್ಲಿ ಜಂಪರ್ ಬದಲು ಡಿಪ್ ಸ್ವಿಚ್ಚುಗಳ ಸಾಲಿರುತ್ತಿತ್ತು. 3ಕಾಮ್ ಕಂಪನಿಯ ಹೆಸರಾಂತ 3ಸಿ509 ಲ್ಯಾನ್ ಕಾರ್ಡಿಗೆ ಇವೆರಡೂ ಇರಲಿಲ್ಲ. ಡಾಸಿನಲ್ಲಿ ಅದರ ಫ್ಲಾಪಿ ಓಡಿಸಿ ವಿಳಾಸ, ಐಆರ್‌ಕ್ಯೂ ಬರೆದರೆ ಕಾರ್ಡಿನ ಚಿಪ್ಪಿನಲ್ಲೇ ಅವು ಉಳಿಯುತ್ತಿದ್ದವು.

ಎರಡು ಐಸಾ ಕಾರ್ಡುಗಳಿಗೆ, ಲ್ಯಾನಿನದು ಮತ್ತು ಮೋಡೆಮ್ಮಿನದು ಎನ್ನಿ, ಒಂದೇ ಐಆರ್‌ಕ್ಯೂ ಕೊಟ್ಟರೆ ಯಂತ್ರ ದೂರು ಹೇಳುವುದಿಲ್ಲ. ಬೂಟ್ ಆಗುತ್ತದೆ, ಲ್ಯಾನ್ ಕೂಡ ಸಿಗುತ್ತದೆ. ಮೋಡೆಮ್ ಡಯಲ್ ಮಾಡಿದ ಕೂಡಲೇ ಎಲ್ಲವೂ ಹ್ಯಾಂಗ್ ಆಗುತ್ತದೆ. ಇಂಥ ದೋಷಗಳಲ್ಲಿ ಎಲ್ಲರೂ ಒಮ್ಮೆಯಾದರೂ ಬೀಳುತ್ತಿದ್ದ ಗುಂಡಿ ಇಂಟರ್ನಲ್ ಮೋಡೆಮ್ಮಿನದು. ಮೋಡೆಮ್ ಕಾರ್ಡನ್ನು ಕಾಮ್2, ಅಂದರೆ ಎರಡನೆಯ ಸೀರಿಯಲ್ ಪೋರ್ಟು, ಎಂದು ಹೊಂದಿಸಿ, ಮದರ್‌ಬೋರ್ಡಿನಲ್ಲಿ ಮೊದಲೇ ಇದ್ದ ಕಾಮ್2ನ್ನು ಮುಚ್ಚದೆ ಬಿಟ್ಟರೆ ಎರಡೂ ಕೆಡುತ್ತವೆ. ಕಾಮ್3 ಎಂದು ಮಾಡಿಕೊಂಡರೆ ವಿಳಾಸವೇನೋ ಬೇರೆಯಾಗುತ್ತದೆ, ಐಆರ್‌ಕ್ಯೂ ಮಾತ್ರ ಕಾಮ್1ರದೇ 4.

ಬ್ಯಾಂಕಿನ ಸರ್ವರುಗಳಲ್ಲಿ ಈ ತೊಂದರೆ ಇನ್ನೂ ದೊಡ್ಡದು. ಯೂನಿಕ್ಸ್ ಅಥವಾ ಜೆನಿಕ್ಸ್ ಓಡುವ ಒಂದು ಯಂತ್ರಕ್ಕೆ ಎಂಟೋ ಹದಿನಾರೋ ಟರ್ಮಿನಲ್ಲುಗಳು ಸೀರಿಯಲ್ ತಂತಿಯಲ್ಲಿ ಸೇರಬೇಕು. ಪ್ರತಿ ಪೋರ್ಟಿಗೂ ಒಂದೊಂದು ಐಆರ್‌ಕ್ಯೂ ಕೊಡುತ್ತ ಹೋದರೆ ಕೆಲವೇ ಟರ್ಮಿನಲ್ಲುಗಳಿಗೆ ದಾರಿ ಮುಚ್ಚುತ್ತದೆ. ಹಾಗಾಗಿ ಬಂದವು ಮಲ್ಟಿಪೋರ್ಟ್ ಕಾರ್ಡುಗಳು. ಇವುಗಳಲ್ಲಿ ಬುದ್ಧಿವಂತ ಬಗೆಯವಕ್ಕೆ ಸ್ವಂತ ಪ್ರೊಸೆಸರ್ ಇರುತ್ತದೆ; ಎಲ್ಲ ಪೋರ್ಟುಗಳ ಅಕ್ಷರಗಳನ್ನೂ ಅದೇ ಕೂಡಿಹಾಕಿ, ಒಂದೇ ಐಆರ್‌ಕ್ಯೂ ಮತ್ತು ಮೆಮೊರಿಯ ಒಂದು ಕಿಟಕಿಯ ಮೂಲಕ ಸರ್ವರಿಗೆ ಒಪ್ಪಿಸುತ್ತದೆ. ಇಲ್ಲಿ ಹೊಂದಿಸಬೇಕಾದ್ದು ಆ ಕಿಟಕಿಯ ಜಾಗ. ಡಿಸ್ಕ್ ಕಾರ್ಡಿನ ಬಯಾಸ್ ಡಿಸಿ000ದಲ್ಲಿ ಕೂತಿದ್ದರೆ (ಅಡಾಪ್ಟೆಕ್ ಕಂಪನಿಯ 1542 ಕಾರ್ಡು ಕಾರ್ಖಾನೆಯಿಂದ ಹಾಗೆಯೇ ಬರುತ್ತಿತ್ತು, ಜೊತೆಗೆ ವಿಳಾಸ 330, ಐಆರ್‌ಕ್ಯೂ 11, ಡಿಎಂಎ 5) ಟರ್ಮಿನಲ್ ಕಾರ್ಡಿನ ಕಿಟಕಿ ಡಿ0000ದಲ್ಲಿ ಆರಂಭವಾಗಿ ಡಿಸಿ000ಕ್ಕೆ ಮುಂಚೆಯೇ ಮುಗಿಯಬೇಕು. ಒಂದರ ತುದಿ ಇನ್ನೊಂದರ ಮೇಲೆ ಚಾಚಿದರೆ ಯಂತ್ರ ಡಿಸ್ಕನ್ನೇ ಕಾಣುವುದಿಲ್ಲ. ಡಿಸ್ಕು ಕೆಟ್ಟಿತೆಂದು ಎಂಜಿನಿಯರನ್ನು ಮೈಸೂರಿನಿಂದ ಕರೆಸಿದರೆ ದೋಷ ಇರುವುದು ಟರ್ಮಿನಲ್ ಕಾರ್ಡಿನಲ್ಲಿ.

ಕನ್ನಡದ ಮಟ್ಟಿಗೆ ಮರೆಯಬಾರದ ಕಾರ್ಡೊಂದಿದೆ. ಡಾಸ್ ಕಾಲದ ಪ್ರೋಗ್ರಾಮುಗಳಿಗೆ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಗೊತ್ತಿರಲಿಲ್ಲ. ಭಾರತೀಯ ಲಿಪಿಗಳನ್ನು ಪರದೆಗೆ ತರುವ ಕೆಲಸ ಐಐಟಿ ಕಾನ್ಪುರದಲ್ಲಿ ಆರಂಭವಾಗಿ, ಪುಣೆಯಲ್ಲಿ 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಜಿಸ್ಟ್ ಕಾರ್ಡಿನ ರೂಪ ತಾಳಿತು. ಈ ಕಾರ್ಡನ್ನು ಸ್ಲಾಟಿಗೆ ಹಾಕಿದರೆ, ಡಿಬೇಸಿನಂಥ ಇಂಗ್ಲಿಷ್ ಪ್ರೋಗ್ರಾಮಿನಲ್ಲೂ ಕನ್ನಡ ಟೈಪಿಸಿ, ಕನ್ನಡದಲ್ಲೇ ಪರದೆಯ ಮೇಲೆ ಓದಬಹುದಿತ್ತು. ಒತ್ತಕ್ಷರ, ಗುಣಿತಗಳನ್ನು ಕೂಡಿಸುವ ಹೊಣೆ ಕಾರ್ಡಿನದು. ಒಳಗೆ ದಾಖಲಾಗುತ್ತಿದ್ದದ್ದು ಇಸ್ಕಿ ಸಂಕೇತ. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಅದನ್ನು ಐಎಸ್ 13194 ಎಂಬ ಮಾನಕವಾಗಿ ಒಪ್ಪಿತು. ಲಿಪಿಗಾಗಿಯೇ ಒಂದು ಸ್ಲಾಟು ಮೀಸಲಿಡಬೇಕಾಗಿ ಬಂದದ್ದು ನಮ್ಮ ಕಡೆಯ ಯಂತ್ರಗಳಿಗೆ ಬಿದ್ದ ಹೆಚ್ಚಿನ ತೆರಿಗೆ. ಲಂಡನ್ನಿನ ಗುಮಾಸ್ತನ ಕಂಪ್ಯೂಟರಿಗೆ ಆ ಖರ್ಚಿರಲಿಲ್ಲ. ವಿಂಡೋಸ್ ಬಂದ ಮೇಲೆ ಇದೇ ಕೆಲಸವನ್ನು ಸಾಫ್ಟ್‌ವೇರ್ ವಹಿಸಿಕೊಂಡಿತು. ‘ಭೂಮಿ’ಯ ಕನ್ನಡಕ್ಕೆ ನೆರವಾದದ್ದು ಸಿ-ಡ್ಯಾಕಿನ ಜಿಸ್ಟ್ ತಂತ್ರಜ್ಞಾನವೇ, ಆದರೆ ಕಾರ್ಡಿಲ್ಲದೆ.

ಜಂಪರಿನಿಂದ ಬಿಡುಗಡೆ ಪಡೆಯುವ ಪ್ರಯತ್ನಗಳು 1980ರ ದಶಕದಲ್ಲೇ ನಡೆದವು. ಐಬಿಎಂ 1987ರಲ್ಲಿ ಮೈಕ್ರೋಚಾನೆಲ್ ಎಂಬ ಹೊಸ ಸ್ಲಾಟನ್ನು ತಂದಿತು. ಅದರ ಪರವಾನಗಿಗೆ ಹಣ ಕೊಡಲೊಲ್ಲದ ಕಾಂಪ್ಯಾಕ್ ಮುಂತಾದ ಒಂಬತ್ತು ಕಂಪನಿಗಳು 1988ರಲ್ಲಿ ಐಸಾದ ಗಾತ್ರವನ್ನೇ ಉಳಿಸಿಕೊಂಡು 32 ಬಿಟ್ಟಿನ ಈಸಾ ಸ್ಲಾಟನ್ನು ಘೋಷಿಸಿದವು. ಈಸಾ ಉಳಿದದ್ದು ಹೆಚ್ಚಾಗಿ ಸರ್ವರುಗಳಲ್ಲಿ. ಮೈಕ್ರೋಚಾನೆಲ್, ಈಸಾ ಎರಡರಲ್ಲೂ ಪ್ರತಿ ಕಾರ್ಡಿನ ಜೊತೆ ಒಂದು ಫ್ಲಾಪಿ ಬರುತ್ತದೆ; ಕಾರ್ಡಿಗೆ ಏನೇನು ಬೇಕು, ಯಾವ ಯಾವ ಐಆರ್‌ಕ್ಯೂ ನಡೆಯುತ್ತದೆ ಎಂಬ ವಿವರ ಅದರಲ್ಲಿರುತ್ತದೆ. ಕಾನ್ಫಿಗರೇಶನ್ ಪ್ರೋಗ್ರಾಮನ್ನು ಓಡಿಸಿದರೆ ಎಲ್ಲ ಕಾರ್ಡುಗಳ ಬೇಡಿಕೆಗಳನ್ನೂ ತಾಳೆ ನೋಡಿ ಹಂಚಿಕೆ ಮಾಡಿಕೊಡುತ್ತದೆ. ಹಂಚಿಕೆ ಉಳಿಯುವುದು ಮದರ್‌ಬೋರ್ಡಿನ ಬ್ಯಾಟರಿ ಕಾಯುವ ಮೆಮೊರಿಯಲ್ಲಿ. ಯಂತ್ರ ತಿಂಗಳುಗಟ್ಟಲೆ ಕರೆಂಟಿಲ್ಲದೆ ಮೂಲೆಯಲ್ಲಿ ಬಿದ್ದಿದ್ದರೆ ಆ ಬ್ಯಾಟರಿ ಸಾಯುತ್ತದೆ. ಮತ್ತೆ ಹಚ್ಚಿದಾಗ ಸ್ಲಾಟಿನಲ್ಲಿ ಯಾರಿದ್ದಾರೆಂದೇ ಅದಕ್ಕೆ ನೆನಪಿಲ್ಲ. ಆಗ ಬೇಕಾಗುವುದು ಆ ಫ್ಲಾಪಿ. ಹೊತ್ತಿಗೆ ಸರಿಯಾಗಿ ಅದು ಸಿಕ್ಕ ಕಚೇರಿಗಳು ವಿರಳ.

1992ರಲ್ಲಿ ಇಂಟೆಲ್ ಹೊರತಂದ ಪಿಸಿಐ ಸ್ಲಾಟು ಈ ಫ್ಲಾಪಿಯನ್ನೇ ಅನಗತ್ಯ ಮಾಡಿತು. ‘ಭೂಮಿ’ಯ ಕಾಲದ ಸರ್ವರುಗಳ ಕಾರ್ಡುಗಳೆಲ್ಲ ಹೆಚ್ಚುಕಮ್ಮಿ ಇದೇ ಜಾತಿಯವು. ಪ್ರತಿ ಪಿಸಿಐ ಕಾರ್ಡಿನಲ್ಲೂ 256 ಬೈಟುಗಳ ಒಂದು ಜಾತಕವಿರುತ್ತದೆ. ಅದರ ಮೊದಲ ಸಾಲಿನಲ್ಲಿ ತಯಾರಕರ ಸಂಖ್ಯೆ, ಆಮೇಲೆ ಕಾರ್ಡಿನ ಮಾದರಿಯ ಸಂಖ್ಯೆ. ಇಂಟೆಲ್ ತನಗಾಗಿ ಆರಿಸಿಕೊಂಡ ಸಂಖ್ಯೆ 8086, ತನ್ನ ಹಳೆಯ ಪ್ರೊಸೆಸರಿನ ಹೆಸರು. ಹೆಸರು ಚೀಟಿ ಉದುರಿಹೋದ ಅನಾಮಧೇಯ ಕಾರ್ಡಿಗೆ ಡ್ರೈವರ್ ಹುಡುಕಬೇಕಾದಾಗ ಈ ಎರಡು ಸಂಖ್ಯೆಗಳಷ್ಟು ನೆರವಾಗುವುದು ಬೇರೊಂದಿಲ್ಲ.

ಯಂತ್ರ ಹಚ್ಚಿದ ಕೂಡಲೇ ಬಯಾಸ್ ಒಂದೊಂದು ಸ್ಲಾಟನ್ನೂ ತಟ್ಟಿ ನೋಡುತ್ತದೆ. ಕಾರ್ಡು ಸಿಕ್ಕರೆ ಅದರ ವಿಳಾಸದ ಖಾನೆಗೆ ಬರೀ ಒಂದುಗಳನ್ನು ಬರೆದು ಮತ್ತೆ ಓದುತ್ತದೆ. ಕಾರ್ಡು ಕೆಳಗಿನ ಕೆಲವು ಬಿಟ್ಟುಗಳನ್ನು ಸೊನ್ನೆಯಾಗಿಯೇ ಉಳಿಸಿಕೊಂಡಿರುತ್ತದೆ. ಎಷ್ಟು ಸೊನ್ನೆ ಉಳಿದವು ಎಂಬುದರಿಂದ ಎಷ್ಟು ಜಾಗ ಬೇಕೆಂಬುದು ತಿಳಿಯುತ್ತದೆ. ಎಲ್ಲರ ಬೇಡಿಕೆ ಕೇಳಿದ ಮೇಲೆ ಯಾರ ಗಡಿಯೂ ಯಾರ ಮೇಲೂ ಬೀಳದಂತೆ ವಿಳಾಸ ಬರೆದುಕೊಡುತ್ತದೆ. ಹಿಂದೆ ಮನುಷ್ಯ ಕಾಗದದ ಮೇಲೆ ಮಾಡುತ್ತಿದ್ದ ಲೆಕ್ಕವನ್ನು ಯಂತ್ರ ಪ್ರತಿ ಬಾರಿ ಹಚ್ಚಿದಾಗಲೂ ಹೊಸದಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ.

ಐಆರ್‌ಕ್ಯೂ ವಿಷಯದಲ್ಲೂ ಪಿಸಿಐ ಒಂದು ದೊಡ್ಡ ಬದಲಾವಣೆ ತಂದಿತು: ಒಂದೇ ಗೆರೆಯನ್ನು ಹಲವು ಕಾರ್ಡುಗಳು ಹಂಚಿಕೊಳ್ಳಬಹುದು. ನಿಯಮದಲ್ಲಿ ಇದು ಸರಿ, ನಡೆವಳಿಕೆಯಲ್ಲಿ ಡ್ರೈವರುಗಳನ್ನು ನೆಚ್ಚಿಕೊಂಡ ಮಾತು. ಡಿಸ್ಕ್ ಕಾರ್ಡು ಮತ್ತು ಲ್ಯಾನ್ ಕಾರ್ಡು ಎರಡೂ ಸದಾ ದುಡಿಯುವಂಥವು. ಒಂದೇ ಗೆರೆಯಲ್ಲಿ ಕೂತು, ಎರಡರಲ್ಲೊಂದರ ಡ್ರೈವರ್ ಒರಟಾಗಿ ಬರೆದದ್ದಾಗಿದ್ದರೆ ಭಾರ ಹೆಚ್ಚಿದಾಗ ಸರ್ವರ್ ತಡವರಿಸುತ್ತದೆ. ಇದಕ್ಕೆ ಸುಲಭದ ಮದ್ದು ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕುವುದು. ಸ್ಲಾಟಿಗೆ ಸ್ಲಾಟಿಗೆ ಇಂಟರಪ್ಟ್ ತಂತಿಗಳ ಜೋಡಣೆ ಸರದಿಯಂತೆ ಬದಲಾಗುವುದರಿಂದ, ಒಂದು ಮನೆ ಆಚೆಗೆ ಸರಿಸಿದರೂ ಗೆರೆ ಬದಲಾಗಬಹುದು.

ಐಸಾ, ಪಿಸಿಐ ಎರಡೂ ಸ್ಲಾಟುಗಳಿದ್ದ ನಡುಗಾಲದ ಯಂತ್ರಗಳೇ ಹೆಚ್ಚು ಕಾಡಿದವು. ಬಯಾಸಿಗೆ ಪಿಸಿಐ ಕಾರ್ಡುಗಳು ಕಾಣುತ್ತವೆ. ಜಂಪರಿನ ಹಳೆಯ ಐಸಾ ಕಾರ್ಡು ಕಾಣುವುದಿಲ್ಲ. ಕಾಣದವರ ಪಾಲನ್ನು ಬೇರೆಯವರಿಗೆ ಕೊಟ್ಟುಬಿಡುತ್ತದೆ. ಹೀಗಾಗದಂತೆ ಬಯಾಸ್ ಸೆಟಪ್ಪಿನಲ್ಲಿ ಆ ಐಆರ್‌ಕ್ಯೂವನ್ನು ‘ಲೆಗಸಿ ಐಸಾ’ ಎಂದು ಮೊದಲೇ ಕಾಯ್ದಿರಿಸಬೇಕು. ಹಳೆಯ ಹಂಚಿಕೆ ಎಲ್ಲೋ ಅಂಟಿಕೊಂಡಿದೆ ಎನಿಸಿದರೆ ಅದೇ ಪುಟದಲ್ಲಿ ಕಾನ್ಫಿಗರೇಶನ್ ದತ್ತಾಂಶ ಅಳಿಸುವ ಆಯ್ಕೆಯಿರುತ್ತದೆ. ವಿಂಡೋಸ್ ಎನ್‌ಟಿ 4 ಇದ್ದ ಯಂತ್ರವಾದರೆ ‘ಪ್ಲಗ್ ಅಂಡ್ ಪ್ಲೇ ಓಎಸ್’ ಎಂಬಲ್ಲಿ ಇಲ್ಲ ಎಂದೇ ಇರಬೇಕು, ಏಕೆಂದರೆ ಕಾರ್ಡುಗಳಿಗೆ ತಾನೇ ಹಂಚಿಕೆ ಮಾಡುವ ವಿದ್ಯೆ ಎನ್‌ಟಿಗೆ ಇಲ್ಲ. ಹಂಚಿಕೆಯ ಕೆಲಸವನ್ನು ಬಯಾಸ್ ಪೂರ್ತಿ ಮುಗಿಸಿಯೇ ಕೈಬಿಡಬೇಕು.

ಸರ್ವರಿನ ಸ್ಲಾಟುಗಳು ನೋಡಲು ಒಂದೇ ತರಹ ಕಂಡರೂ ಒಂದೇ ಅಲ್ಲ. ಸಾಮಾನ್ಯ ಪಿಸಿಐ 32 ಬಿಟ್ಟು, 33 ಮೆಗಾಹರ್ಟ್ಸ್. ಸೆಕೆಂಡಿಗೆ ಗರಿಷ್ಠ 133 ಮೆಗಾಬೈಟ್. ಅದಕ್ಕಿಂತ ಉದ್ದನೆಯವು 64 ಬಿಟ್ಟಿನವು. 1999ರಲ್ಲಿ ಬಂದ ಪಿಸಿಐ-ಎಕ್ಸ್ 133 ಮೆಗಾಹರ್ಟ್ಸಿನವರೆಗೆ ಹೋಗುತ್ತದೆ. ಒಂದೇ ಬಸ್ಸಿನ (ಕಾರ್ಡುಗಳ ಮಾಹಿತಿ ಸಾಗುವ ಸಮಾನ ದಾರಿಯ) ಮೇಲಿರುವ ಸ್ಲಾಟುಗಳಲ್ಲಿ ನಿಧಾನದ ಕಾರ್ಡು ಒಂದಿದ್ದರೂ ಉಳಿದವೂ ಅದರ ವೇಗಕ್ಕೇ ಇಳಿಯುತ್ತವೆ. ಹೊಸ ಡಿಸ್ಕ್ ಕಾರ್ಡಿನ ಪಕ್ಕ ಹಳೆಯ ಲ್ಯಾನ್ ಕಾರ್ಡು ಹಾಕಿ ‘ಸರ್ವರ್ ಸ್ಲೋ’ ಎಂದು ಗೊಣಗಿದ ಕಚೇರಿಗಳು ಬೇಕಾದಷ್ಟಿದ್ದಿರಬೇಕು. ಯಾವ ಸ್ಲಾಟು ಯಾವ ಬಸ್ಸಿನದು ಎಂಬ ನಕ್ಷೆ ಸಾಮಾನ್ಯವಾಗಿ ಮುಚ್ಚಳದ ಒಳಬದಿಯಲ್ಲೇ ಅಂಟಿಸಿರುತ್ತದೆ. ಕಾರ್ಡಿನ ಅಂಚಿನಲ್ಲಿರುವ ಕಚ್ಚುಗಳನ್ನೂ ಗಮನಿಸಬೇಕು. 5 ವೋಲ್ಟಿನ ಕಾರ್ಡಿಗೆ ಒಂದು ಕಡೆ, 3.3 ವೋಲ್ಟಿನದಕ್ಕೆ ಇನ್ನೊಂದು ಕಡೆ, ಎರಡಕ್ಕೂ ಸಲ್ಲುವುದಕ್ಕೆ ಎರಡೂ ಕಡೆ ಕಚ್ಚಿರುತ್ತದೆ. ಕೂರದ ಕಾರ್ಡನ್ನು ಬಲವಂತವಾಗಿ ಒತ್ತಬಾರದು ಎಂಬುದಕ್ಕೇ ಆ ಕಚ್ಚು.

ಸರ್ವರಿನಲ್ಲಿ ಅತಿ ಎಚ್ಚರಿಕೆ ಬೇಡುವುದು ಡಿಸ್ಕಿನ ಕಾರ್ಡು. ಸರ್ವರಿನ ಡಿಸ್ಕುಗಳನ್ನು ಸೇರಿಸುವ ಸ್ಕಸಿ ಕಾರ್ಡಿನಲ್ಲಿ ಯಂತ್ರದ ಹಂಚಿಕೆಯಲ್ಲದೆ ಅದರದ್ದೇ ಇನ್ನೊಂದು ಹಂಚಿಕೆ ಇದೆ. ಒಂದೇ ಕೇಬಲ್ಲಿಗೆ ಸಾಲಾಗಿ ಸೇರುವ ಡಿಸ್ಕು, ಟೇಪ್ ಡ್ರೈವ್‌ಗಳಿಗೆ ಒಂದೊಂದು ಐಡಿ ಸಂಖ್ಯೆ ಬೇಕು. ಕಾರ್ಡು ಸ್ವತಃ 7ನ್ನು ಇಟ್ಟುಕೊಳ್ಳುತ್ತದೆ, ಅದಕ್ಕೇ ಹೆಚ್ಚಿನ ಪ್ರಾಶಸ್ತ್ಯ. ಬೂಟ್ ಆಗುವ ಡಿಸ್ಕಿಗೆ ಸಾಮಾನ್ಯವಾಗಿ 0. ಡಿಸ್ಕಿಗೂ 7 ಕೊಟ್ಟುಬಿಟ್ಟರೆ ಒಂದೇ ಡಿಸ್ಕು ಎಲ್ಲ ಸಂಖ್ಯೆಗಳಲ್ಲೂ ಕಾಣಿಸಿಕೊಂಡು ಗಾಬರಿ ಹುಟ್ಟಿಸುತ್ತದೆ. ಕೇಬಲ್ಲಿನ ಎರಡು ತುದಿಗಳಲ್ಲೂ ಟರ್ಮಿನೇಟರ್ ಇರಬೇಕು, ನಡುವೆ ಎಲ್ಲೂ ಇರಕೂಡದು. ಇಲ್ಲದಿದ್ದರೆ ಸಂಕೇತ ತುದಿಗೆ ಬಡಿದು ಹಿಂದಿರುಗಿ ಮುಂದಿನ ಸಂಕೇತವನ್ನು ಕೆಡಿಸುತ್ತದೆ. ಇದರ ಕೆಟ್ಟ ಗುಣವೆಂದರೆ ದೋಷ ಆ ಕೂಡಲೇ ಕಾಣದು. ಪರೀಕ್ಷೆಯ ದಿನ ಎಲ್ಲ ಸರಿ. ವಾರ ಕಳೆದು ಬ್ಯಾಕಪ್ ತೆಗೆಯುವಾಗ ನಡುವೆ ನಿಲ್ಲುತ್ತದೆ.

ರೇಡ್ ಕಾರ್ಡು ಇನ್ನೊಂದು ಹೆಜ್ಜೆ ಮುಂದೆ. ಎರಡು ಡಿಸ್ಕುಗಳಲ್ಲಿ ಒಂದೇ ದಾಖಲೆಯನ್ನು ಜೋಡಿಯಾಗಿ ಬರೆಯುವುದು, ಅಥವಾ ಮೂರು ನಾಲ್ಕು ಡಿಸ್ಕುಗಳಲ್ಲಿ ಹಂಚಿ ಬರೆದು ಒಂದು ಸತ್ತರೂ ಉಳಿದವುಗಳಿಂದ ಮರಳಿ ಕಟ್ಟುವುದು ಅದರ ಕೆಲಸ. ಬೂಟ್ ಆಗುವಾಗ ನಿಗದಿತ ಕೀಲಿ ಒತ್ತಿದರೆ (ಅಡಾಪ್ಟೆಕ್ಕಿನಲ್ಲಿ ಕಂಟ್ರೋಲ್-ಎ, ಮೆಗಾರೇಡಿನಲ್ಲಿ ಕಂಟ್ರೋಲ್-ಎಮ್, ಕಾಂಪ್ಯಾಕಿನ ಸ್ಮಾರ್ಟ್ ಅರೇಯಲ್ಲಿ ಎಫ್8) ಕಾರ್ಡಿನ ಸ್ವಂತ ಮೆನು ತೆರೆಯುತ್ತದೆ. ಅಲ್ಲಿ ‘ಇನಿಶಿಯಲೈಸ್’ ಎಂಬ ಪದ ಬಹಳ ಸೌಮ್ಯವಾಗಿ ಕೂತಿರುತ್ತದೆ. ಹೊಸ ಡಿಸ್ಕುಗಳಿಗೆ ಅದು ಸರಿ. ದಾಖಲೆ ತುಂಬಿದ ಡಿಸ್ಕುಗಳ ಮೇಲೆ ಅದನ್ನು ಒತ್ತಿದರೆ ಒಂದು ತಾಲ್ಲೂಕಿನ ಪಹಣಿಗಳು ಬ್ಯಾಕಪ್ ಟೇಪಿನಲ್ಲಿ ಇದ್ದಷ್ಟೇ ಉಳಿದವು ಎಂದರ್ಥ. ಕಾರ್ಡು ಬದಲಿಸಿದಾಗ ಡಿಸ್ಕುಗಳಲ್ಲಿರುವ ಹಂಚಿಕೆಗೂ ಕಾರ್ಡಿನ ನೆನಪಿಗೂ ತಾಳೆಯಾಗದೆ, ಯಾವುದನ್ನು ನಂಬಲಿ ಎಂದು ಯಂತ್ರ ಕೇಳುತ್ತದೆ. ಹೊಸ ಕಾರ್ಡಿನ ನೆನಪು ಖಾಲಿ, ನಂಬಬೇಕಾದ್ದು ಡಿಸ್ಕುಗಳನ್ನು.

ರೇಡ್ ಕಾರ್ಡಿನ ಮೇಲೆ ಚಿಕ್ಕ ಬ್ಯಾಟರಿಯೊಂದಿರುತ್ತದೆ. ಬರೆಯಬೇಕಾದ್ದನ್ನು ಕಾರ್ಡು ಮೊದಲು ತನ್ನ ಮೆಮೊರಿಯಲ್ಲಿಟ್ಟುಕೊಂಡು ‘ಆಯಿತು’ ಎಂದು ಹೇಳಿಬಿಡುತ್ತದೆ, ಡಿಸ್ಕಿಗೆ ಆಮೇಲೆ ಇಳಿಸುತ್ತದೆ. ವೇಗಕ್ಕೆ ಇದು ಒಳ್ಳೆಯದು. ನಡುವೆ ಕರೆಂಟು ಹೋದರೆ ಇಳಿಯದೆ ಉಳಿದದ್ದನ್ನು ಕಾಯುವುದು ಆ ಬ್ಯಾಟರಿ. ಅದು ಹಳತಾಗಿದ್ದರೆ ‘ರೈಟ್-ಬ್ಯಾಕ್’ ಬಿಟ್ಟು ‘ರೈಟ್-ಥ್ರೂ’ ಹಾಕಿಕೊಳ್ಳುವುದೇ ಕ್ಷೇಮ. ಕೆಲಸ ತುಸು ನಿಧಾನವಾಗುತ್ತದೆ. ಯುಪಿಎಸ್ ಇದೆಯಲ್ಲ ಎಂಬ ಧೈರ್ಯ ಸಾಲದು. ಬೇಸಿಗೆಯ ಲೋಡ್‌ಶೆಡ್ಡಿಂಗಿನಲ್ಲಿ ಎರಡನೆಯ ಗಂಟೆಗೆ ಯುಪಿಎಸ್ಸೂ ಕೂಗಲಾರಂಭಿಸುತ್ತದೆ.

ಕೈಕೆಲಸದ ಕ್ರಮ ಎಲ್ಲ ಬಗೆಯ ಕಾರ್ಡುಗಳಿಗೂ ಒಂದೇ. ಮೊದಲು ಬ್ಯಾಕಪ್, ಮತ್ತು ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡುವುದು. ಆಮೇಲೆ ಯಂತ್ರದ ಈಗಿನ ಹಂಚಿಕೆಯನ್ನು ಕಾಗದದ ಮೇಲೆ ಇಳಿಸಿಕೊಳ್ಳುವುದು. ಸ್ವಿಚ್ ಆರಿಸಿದರೆ ಸಾಲದು, ವೈರನ್ನೇ ಕೀಳಬೇಕು, ಏಕೆಂದರೆ ಆರಿಸಿದ ಮೇಲೂ ಮದರ್‌ಬೋರ್ಡಿನಲ್ಲಿ 5 ವೋಲ್ಟ್ ಹರಿಯುತ್ತಿರುತ್ತದೆ. ಸರ್ವರುಗಳಿಗೆ ಎರಡೆರಡು ಪವರ್ ಸಪ್ಲೈ ಇರುವುದುಂಟು. ಒಂದು ವೈರ್ ಕಿತ್ತು ನಿಶ್ಚಿಂತೆಯಾಗಬಾರದು. ಮೈಮೇಲಿನ ಸ್ಥಿರ ವಿದ್ಯುತ್ತು ಚಿಪ್ಪನ್ನು ಕೊಲ್ಲಬಹುದಾದ್ದರಿಂದ ಕೇಸಿನ ಬರಿ ಲೋಹವನ್ನು ಮುಟ್ಟಿ, ಸಾಧ್ಯವಾದರೆ ಮಣಿಕಟ್ಟಿಗೆ ಅರ್ತ್ ಪಟ್ಟಿ ಕಟ್ಟಿ, ಕಾರ್ಡನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಫೆಬ್ರವರಿ–ಮಾರ್ಚಿನ ಒಣಗಾಳಿಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮಳೆಗಾಲದ ತೊಂದರೆ ಬೇರೆ: ತೇವಕ್ಕೆ ಕಾರ್ಡಿನ ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಮಬ್ಬು ಕಟ್ಟುತ್ತದೆ. ಕಾರ್ಡು ಕಿತ್ತು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಹಾಕುವುದು ಊರೂರಿನ ರಿಪೇರಿ ಅಂಗಡಿಗಳ ಹಳೆಯ ಮದ್ದು, ಎಷ್ಟೋ ಸಲ ಫಲಿಸುತ್ತದೆ ಕೂಡ. ಆದರೆ ಪದೇ ಪದೇ ಉಜ್ಜಿದರೆ ಲೇಪ ಸವೆಯುತ್ತದೆ. ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆ ಉತ್ತಮ.

ಒಂದು ಸಲಕ್ಕೆ ಒಂದೇ ಕಾರ್ಡು. ಮೂರನ್ನು ಒಟ್ಟಿಗೆ ಹಾಕಿ ಯಂತ್ರ ಏಳದಿದ್ದರೆ ಯಾರನ್ನು ದೂರುವುದೆಂದು ಗೊತ್ತಾಗುವುದಿಲ್ಲ. ಒಂದನ್ನು ಹಾಕಿ, ಬಯಾಸಿನಲ್ಲಿ ನೋಡಿ, ಡ್ರೈವರ್ ಕೂರಿಸಿ, ಭಾರ ಹೊರಿಸಿ ಪರೀಕ್ಷಿಸಿದ ಮೇಲೆ ಮುಂದಿನದು. ಹೊಸ ಡಿಸ್ಕ್ ಕಾರ್ಡಿನ ಮೇಲೆ ವಿಂಡೋಸ್ 2000 ಹಾಕುವುದಾದರೆ ಆರಂಭದಲ್ಲೇ ಎಫ್6 ಒತ್ತಿ ಡ್ರೈವರ್ ಫ್ಲಾಪಿ ಕೊಡಬೇಕು; ಆ ಕೆಲವು ಸೆಕೆಂಡು ತಪ್ಪಿತೆಂದರೆ ‘ಡಿಸ್ಕ್ ಇಲ್ಲ’ ಎಂಬ ಉತ್ತರ ಬರುವವರೆಗೆ ಕಾದು ಮತ್ತೆ ಮೊದಲಿನಿಂದ ಆರಂಭಿಸಬೇಕು.

ಲ್ಯಾನ್ ಕಾರ್ಡಿನಲ್ಲಿ ಇನ್ನೊಂದು ತಮಾಷೆಯಿದೆ. ಅದೇ ಕಾರ್ಡನ್ನು ಒಂದು ಸ್ಲಾಟಿನಿಂದ ಕಿತ್ತು ಪಕ್ಕದ ಸ್ಲಾಟಿಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಕಾರ್ಡೆಂದೇ ಎಣಿಸುತ್ತದೆ. ಹಳೆಯ ಐಪಿ ವಿಳಾಸ ಕೊಡಲು ಹೋದರೆ, ಈ ವಿಳಾಸ ಬೇರೊಂದು ಕಾರ್ಡಿನ ಹೆಸರಿನಲ್ಲಿದೆ ಎನ್ನುತ್ತದೆ. ಆ ಬೇರೊಂದು ಕಾರ್ಡು ಎಲ್ಲೂ ಕಾಣುವುದಿಲ್ಲ. ಕಿತ್ತುಹಾಕಿದ ಜಾಗದ ಹಳೆಯ ನಮೂದು ಅದು. ಡಿವೈಸ್ ಮ್ಯಾನೇಜರಿನಲ್ಲಿ ಅಡಗಿದವುಗಳನ್ನೂ ತೋರಿಸುವಂತೆ ಮಾಡಿ ಆ ನಮೂದನ್ನು ಅಳಿಸಿದ ಮೇಲೆ ದಾರಿ ಸುಗಮ. ಲಿನಕ್ಸಿನಲ್ಲಿ ಎರಡು ಲ್ಯಾನ್ ಕಾರ್ಡುಗಳ ಹೆಸರು ಅದಲುಬದಲಾಗಿ ಹೊರಗಿನ ತಂತಿ ಒಳಗಿನದಾಗುವುದುಂಟು. ಕಾರ್ಡಿನ ವೇಗವನ್ನು ಒಂದು ಕಡೆ 100 ಎಂದು ಬಿಗಿಯಾಗಿಟ್ಟು ಸ್ವಿಚ್ಚಿನ ಕಡೆ ‘ಆಟೋ’ ಬಿಟ್ಟರೆ ಸಂಪರ್ಕ ಸಿಕ್ಕರೂ ಕುಂಟುತ್ತದೆ. ಎರಡೂ ಕಡೆ ಆಟೋ, ಇಲ್ಲವೇ ಎರಡೂ ಕಡೆ ಬಿಗಿ.

2003ರ ನಂತರ ಬಂದ ಪಿಸಿಐ ಎಕ್ಸ್‌ಪ್ರೆಸ್ ಈ ಜಂಜಾಟದ ಬಹುಪಾಲನ್ನು ಮುಗಿಸಿತು. ಅದರಲ್ಲಿ ಪ್ರತಿ ಸ್ಲಾಟಿಗೂ ಸ್ವಂತ ದಾರಿ; ಇಂಟರಪ್ಟ್ ಕೂಡ ಪ್ರತ್ಯೇಕ ಗೆರೆಯಲ್ಲ, ಮೆಮೊರಿಗೆ ಬರೆಯುವ ಸಂದೇಶ. ಮುಂದಿನ ವರ್ಷಗಳಲ್ಲಿ ರಾಜ್ಯವ್ಯಾಪಿ ಕೆಸ್ವಾನ್ ಜಾಲವೂ ಬಂದು, ‘ಭೂಮಿ’ಯ ದಾಖಲೆಗಳು ತಾಲ್ಲೂಕಿನ ಯಂತ್ರಗಳಿಂದ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸರಿದವು. ತಾಲ್ಲೂಕು ಕಚೇರಿಗೆ ಉಳಿದದ್ದು ಜಾಲಕ್ಕೆ ಸೇರುವ ಸಾಧಾರಣ ಕಂಪ್ಯೂಟರುಗಳು. ಹಳೆಯ ಕಾರ್ಡುಗಳ ವಿದ್ಯೆ ಈಗ ಬೇಕಾಗುವುದು ಹೆಚ್ಚಾಗಿ ಕಾರ್ಖಾನೆಗಳಲ್ಲಿ. ಔಷಧ ಪರೀಕ್ಷೆಯ ಪ್ರಯೋಗಾಲಯಗಳ ಹಳೆಯ ಉಪಕರಣಗಳು, ಲೋಹ ಕೊರೆಯುವ ಯಂತ್ರಗಳು ಇಪ್ಪತ್ತು ಮೂವತ್ತು ವರ್ಷ ಬಾಳುತ್ತವೆ. ಅವುಗಳನ್ನು ಕಂಪ್ಯೂಟರಿಗೆ ಸೇರಿಸುವ ಐಸಾ ಅಥವಾ ಪಿಸಿಐ ಕಾರ್ಡಿಗೆ ಹೊಸ ಯಂತ್ರದಲ್ಲಿ ಸ್ಲಾಟೇ ಇಲ್ಲ. ಕೋಟಿ ರೂಪಾಯಿಯ ಉಪಕರಣವನ್ನು ಉಳಿಸಲು ಹಳೆಯ ಕಂಪ್ಯೂಟರನ್ನೇ ಜತನ ಮಾಡುವುದು ಎಷ್ಟೋ ಕಡೆ ಅಗ್ಗದ ದಾರಿ. ನಂಜನಗೂಡಿನಂಥ ಕೈಗಾರಿಕಾ ಪ್ರದೇಶಕ್ಕೆ ಇದು ಬರೀ ಹಳೆಯ ಕಥೆಯಲ್ಲ.

ಹಾಗೆ ಉಳಿಸಿಕೊಂಡ ಯಂತ್ರವನ್ನು ಕೊನೆಗೊಂದು ದಿನ ಕಳಚುವಾಗಲೂ ಕ್ರಮವಿದೆ. ರೇಡಿನ ಡಿಸ್ಕುಗಳನ್ನು ಬೇರೆ ಕಂಪನಿಯ ಕಾರ್ಡು ಸಾಮಾನ್ಯವಾಗಿ ಓದಲಾರದು. ಹಾಗಾಗಿ ದಾಖಲೆ ಇನ್ನೂ ಬೇಕಿದ್ದರೆ ಡಿಸ್ಕುಗಳ ಜೊತೆಗೇ ಕಾರ್ಡನ್ನೂ ಅದರ ಕೇಬಲ್ಲನ್ನೂ ಎತ್ತಿಡಬೇಕು. ಪ್ರತಿ ಡಿಸ್ಕಿನ ಮೇಲೆ ಅದು ಇದ್ದ ಜಾಗದ ಸಂಖ್ಯೆ ಬರೆದು, ಕಾರ್ಡಿನ ಮಾದರಿ, ಫರ್ಮ್‌ವೇರ್ ಆವೃತ್ತಿ, ಸ್ಲಾಟು, ಐಆರ್‌ಕ್ಯೂ, ರೇಡಿನ ಬಗೆ ಇಷ್ಟನ್ನು ಚೀಟಿಯೊಂದರಲ್ಲಿ ಗುರುತು ಹಾಕಿ ಅದೇ ಡಬ್ಬಕ್ಕೆ ಹಾಕಬೇಕು. ದಾಖಲೆ ಬೇಡವೆಂದಾದರೆ ಡಿಸ್ಕುಗಳನ್ನು ಪೂರ್ತಿ ಅಳಿಸಿ, ಬೋರ್ಡಿನ ಮತ್ತು ಕಾರ್ಡಿನ ಬ್ಯಾಟರಿಗಳನ್ನು ಕಿತ್ತು ಬೇರೆ ಮಾಡಿ, ಉಳಿದದ್ದನ್ನು ಅಧಿಕೃತ ಇ-ತ್ಯಾಜ್ಯದವರಿಗೆ ಕೊಡಬೇಕು.